ಯುಎನ್ ಮಿಷನ್‌ಗೆ ಇಂಗ್ಲಿಷ್: ಸ್ಪೋಕನ್ ಕ್ಲಾಸು, ಆ್ಯಪು, ಇಲ್ಲಾ ರಿಟೈರ್ಡ್ ಸುಬೇದಾರ್ ಸಾಹೇಬ್ರು?

ಪೊಲೀಸ್ ಇಲಾಖೇಲಿ ಯಾರಾದ್ರೂ ವಿಶ್ವಸಂಸ್ಥೆ ಶಾಂತಿಪಾಲನೆಗೆ ಹೋಗೋಕೆ ತಯಾರಿ ನಡೆಸ್ತಿದ್ರೆ ಮೊದ್ಲೇ ಹೇಳ್ಬಿಡ್ತೀನಿ, ಆರ್ಮಿ ಸಿಗ್ನಲ್ಸ್‌ನಲ್ಲಿದ್ದು (ವೈರ್‌ಲೆಸ್, ಸಂಪರ್ಕ ನೋಡ್ಕೊಳ್ಳೋ ವಿಭಾಗ) ರಿಟೈರ್ ಆದೋರು ಹೇಳ್ಕೊಡೋಕೆ ಸಿಕ್ರೆ ಬೇರೆ ಕಡೆ ದುಡ್ಡು ಹಾಕ್ಬೇಡಿ. ನಂಗೆ ಮಂಡ್ಯದಲ್ಲೇ ಒಬ್ರು ಸುಬೇದಾರ್ ಸಾಹೇಬ್ರು ಸಿಕ್ರು. ಅದಕ್ಕೆ ಮುಂಚೆ ಮೈಸೂರಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗೆ 9,000 ಕಟ್ಟಿದ್ದೆ, ಫೋನಲ್ಲಿ ಫ್ರೀ ಆ್ಯಪೂ ಇತ್ತು.

ಕ್ಲಾಸಲ್ಲಿ ತಲೆ ಕೆಟ್ಟಿದ್ದು ಲಿಸನಿಂಗ್ ವಿಷಯಕ್ಕೆ. ಸ್ಟುಡಿಯೋಲಿ ರೆಕಾರ್ಡ್ ಮಾಡಿದ ನೀಟಾದ ಆಡಿಯೋ, ಕೈಯಲ್ಲಿ ಅದೇ ಮಾತು ಪ್ರಿಂಟ್ ಮಾಡಿದ ಹಾಳೆ, ಅರ್ಥ ಆಗ್ಲಿಲ್ಲ ಅಂದ್ರೆ ಮೇಡಂ ನಿಲ್ಸಿ ಮತ್ತೆ ಹಾಕೋರು. ಹಾಳೆ ಕೊಡ್ಬೇಡಿ ಮೇಡಂ ಅಂದ್ರೂ ಉಳಿದೋರಿಗೆ ಕಷ್ಟ ಆಗತ್ತೆ ಅಂತ ಕೊಡೋರು. ದಕ್ಷಿಣ ಸೂಡಾನ್ ಮಿಷನ್ ಭಾಷೆ ಇಂಗ್ಲಿಷೇ, ಆದ್ರೆ ಅಲ್ಲಿ ರವಾಂಡಾದವ್ರು, ನೇಪಾಳದವ್ರು, ಘಾನಾದವ್ರು, ಮಂಗೋಲಿಯಾದವ್ರು ಎಲ್ಲಾ ಇರ್ತಾರೆ, ಒಬ್ಬೊಬ್ರದು ಒಂದೊಂದು ಉಚ್ಚಾರಣೆ, ಅದೂ ವೈರ್‌ಲೆಸ್ ಗೊರಗೊರ ಸದ್ದಲ್ಲಿ ಕೇಳಿಸ್ಕೋಬೇಕು.

ಸಾಹೇಬ್ರು ಏನ್ ಮಾಡ್ತಾರೆ ಅಂದ್ರೆ ನಮ್ಮನ್ನ ಒಂದು ರೂಮಲ್ಲಿ ಕೂರ್ಸಿ ಟಿವಿ ಜೋರಾಗಿ ಇಟ್ಟು ಪಕ್ಕದ ರೂಮಿಂದ ಫೋನ್ ಮಾಡಿ ಮೆಸೇಜ್ ಓದ್ತಾರೆ, ಒಂದೇ ಸಲ. ಜಾಗದ ಹೆಸ್ರು ಎಗೆ ಆಲ್ಫಾ, ಬಿಗೆ ಬ್ರಾವೋ, ಸಿಗೆ ಚಾರ್ಲಿ ಅಂತ ಅಕ್ಷರ ಬಿಡ್ಸಿ, ಗ್ರಿಡ್ ನಂಬರ್ (ಮ್ಯಾಪಲ್ಲಿ ಜಾಗ ತೋರ್ಸೋ ನಂಬರ್) ಒಂದೊಂದೇ ಅಂಕಿ. ಸದ್ದಲ್ಲಿ ಫೈವೂ ನೈನೂ ಒಂದೇ ಥರ ಕೇಳ್ಸತ್ತೆ, ಅದಕ್ಕೇ ನೈನ್‌ಗೆ ನೈನರ್ ಅಂತಾರೆ. ಬರ್ಕೊಂಡಿದ್ದನ್ನ ನಾವು ವಾಪಸ್ ಓದಿ ಹೇಳ್ಬೇಕು, ತಪ್ಪು ಅಲ್ಲೇ ಸಿಕ್ಕಾಕೊಳ್ಳತ್ತೆ. ಆಂಬುಲೆನ್ಸ್ ಹೋಗ್ಬೇಕಾದ ಜಾಗದಲ್ಲಿ ಒಂದು ಅಂಕಿ ತಪ್ಪಿದ್ರೆ ಗಾಯ ಆಗಿರೋನ ಗತಿ ಏನು ಹೇಳಿ!

ರಿಪೋರ್ಟ್ ಬರೆಯೋದ್ರಲ್ಲೂ ಹಂಗೇ. ಕ್ಲಾಸಲ್ಲಿ ರಜಾ ಅರ್ಜಿ, ಪ್ರಬಂಧ. ಸಾಹೇಬ್ರ ಹತ್ರ ಪ್ಯಾಟ್ರೋಲ್ ರಿಪೋರ್ಟ್, ಯಾವಾಗ, ಎಲ್ಲಿ, ಯಾರು, ಏನಾಯ್ತು, ನಾವೇನ್ ಮಾಡಿದ್ವಿ. ಕಣ್ಣಾರೆ ಕಂಡಿದ್ದು ಬೇರೆ, ಊರೋರು ಹೇಳಿದ್ದು ಬೇರೆ ಬರೀಬೇಕು, ಇದ್ರಲ್ಲಿ ಅವ್ರು ಭಾರೀ ಸ್ಟ್ರಿಕ್ಟು.

ಆ್ಯಪು ಮಂಡ್ಯ-ಮೈಸೂರು ಟ್ರೈನಲ್ಲಿ ಪದ ಕಲಿಯೋಕೆ ಓಕೆ, ಅಷ್ಟೇ.

ಇಂಗ್ಲಿಷಲ್ಲಿ ಬಾಯಿ ತೆಗೆಯೋಕೇ ಹೆದರೋರಿಗೆ ಕ್ಲಾಸ್ ಚೆನ್ನಾಗೇ ಇದೆ, ನಮ್ ಜೊತೆ ಬರ್ತಿದ್ದ ಕಾನ್‌ಸ್ಟೇಬಲ್ ಅಕ್ಕ ಒಬ್ರು ಅಲ್ಲೇ ಮಾತಾಡೋಕೆ ಶುರು ಮಾಡಿದ್ದು. ಆದ್ರೆ ನಂದು ಶಿಫ್ಟ್ ಡ್ಯೂಟಿ, ಬಂದೋಬಸ್ತ್ ಹಾಕಿದ್ರೆ ಕ್ಲಾಸೂ ಹೋಯ್ತು ಫೀಸೂ ಹೋಯ್ತು. ಸಾಹೇಬ್ರದು ಬಂದ ದಿನಕ್ಕೆ 200, ರಾತ್ರಿ ಎಂಟಕ್ಕೆ ಹೋದ್ರೂ ಬಾರಪ್ಪಾ ಕೂತ್ಕೋ ಅಂತಾರೆ. ಕಾಂಗೋ ಮಿಷನ್ ಮೇಲೆ ಕಣ್ಣಿದ್ರೆ ಮಾತ್ರ ಲೆಕ್ಕಾಚಾರ ಬೇರೆ, ಅಲ್ಲಿ ಫ್ರೆಂಚ್ ಬೇಕಾಗತ್ತೆ.