ಓವ್ಯುಲೇಷನ್ ಕಿಟ್: ಆರು ತಿಂಗಳು ಬಳಸಿದವಳ ಮಾತು

ಮೊದಲು ಮೆಡಿಕಲ್ ಶಾಪಿನ ಕಥೆ ಹೇಳಿಬಿಡುತ್ತೇನೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಗೆ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮೆಲ್ಲಗೆ "ಓವ್ಯುಲೇಷನ್ ಕಿಟ್ ಕೊಡ್ರಿ" ಅಂದೆ. ಹುಡುಗ "ಹೂಂನ್ರಿ ಅಕ್ಕಾರ" ಅಂತ ಪೇಪರಿನಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಪ್ರೆಗ್ನೆನ್ಸಿ ಕಿಟ್! ವಾಪಸ್ ಹೋದರೆ "ಎರಡೂ ಒಂದ ಅಲ್ಲೇನ್ರಿ?" ಅಂದ. ಅಲ್ಲಪ್ಪಾ. ಒಂದು ಬಸುರಾಗಿದ್ದೇವಾ ಅಂತ ನೋಡೋದು, ಇನ್ನೊಂದು ಬಸುರಾಗೋಕೆ ದಿನ ನೋಡೋದು. ಕೊನೆಗೆ ಕೊಪ್ಪಿಕರ್ ರಸ್ತೆ ಕಡೆ ಒಂದು ದೊಡ್ಡ ಅಂಗಡಿಯಲ್ಲಿ ಐದು ಟೆಸ್ಟ್ ಪಟ್ಟಿ (ಸ್ಟ್ರಿಪ್) ಇರುವ ಬಾಕ್ಸ್ ಸಿಕ್ಕಿತು. ಆಮೇಲಿಂದ ಆನ್‌ಲೈನ್‌ನಲ್ಲೇ ತರಿಸುತ್ತಿದ್ದೇನೆ. ಬಿಡಿ ಪಟ್ಟಿ ಅಗ್ಗ, ಅಂಗಡಿಯವನ ಮುಖ ನೋಡುವ ಕೆಲಸವೂ ಇಲ್ಲ.

ಪಟ್ಟಿ ಮಾಡುವ ಕೆಲಸ ಇಷ್ಟೇ. ಅಂಡಾಶಯದಿಂದ ಮೊಟ್ಟೆ ಹೊರಬರುವ (ಇದೇ ಓವ್ಯುಲೇಷನ್) ಮುಂಚೆ ಮೈಯಲ್ಲಿ ಎಲ್‌ಎಚ್ ಅನ್ನೋ ಹಾರ್ಮೋನು ಒಮ್ಮೆಲೇ ಏರುತ್ತದೆ. ಏರಿದ ಮೇಲೆ ಸುಮಾರು 24ರಿಂದ 36 ಗಂಟೆಗೆ ಮೊಟ್ಟೆ ಬಿಡುಗಡೆ. ಆ ಏರಿಕೆ ಮೂತ್ರದಲ್ಲಿ ಕಾಣಿಸಿದರೆ ಪಟ್ಟಿ ತೋರಿಸುತ್ತದೆ. ಮೊಟ್ಟೆ ಬದುಕೋದು 12ರಿಂದ 24 ಗಂಟೆ ಮಾತ್ರ, ಆದರೆ ವೀರ್ಯಾಣು ಒಳಗೆ ಐದು ದಿನದವರೆಗೂ ಇರಬಲ್ಲದು. ಅಂದರೆ ಮೊಟ್ಟೆ ಬರುವ ಮುಂಚೆಯೇ ವೀರ್ಯಾಣು ಅಲ್ಲಿರಬೇಕು. ಸ್ಟಾಪಿನಲ್ಲಿ ನಾವು ಮೊದಲೇ ಹೋಗಿ ನಿಂತಿರಬೇಕು, ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ನಮಗೋಸ್ಕರ ಕಾಯಲ್ಲ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಎಲ್ಲ ಕಡೆ 28 ದಿನದ ಲೆಕ್ಕ ಬರೆದಿರುತ್ತಾರಲ್ವಾ, ನಾನೂ ಮುಟ್ಟಾದ 11ನೇ ದಿನದಿಂದ ಶುರು ಮಾಡಿದೆ. 15ನೇ ದಿನಕ್ಕೆ ಐದೂ ಪಟ್ಟಿ ಖಾಲಿ, ಒಂದರಲ್ಲೂ ಗೆರೆ ಸರಿಯಾಗಿ ಬರಲಿಲ್ಲ. ನನಗೆ ಮೊಟ್ಟೆನೇ ಆಗಲ್ಲ ಅಂತ ಬಚ್ಚಲಲ್ಲಿ ನೀರಿನ ನಲ್ಲಿ ಬಿಟ್ಟುಕೊಂಡು ಅತ್ತೆ, ಹೊರಗೆ ಅತ್ತೆಮ್ಮನಿಗೆ ಕೇಳಬಾರದಲ್ಲ. ಆಮೇಲೆ ತಿಳಿದದ್ದು, ನನ್ನ ತಿಂಗಳು 34 ದಿನದ್ದು. ನಿಮ್ಮ ಮುಟ್ಟಿನ ಚಕ್ರ (ಒಂದು ಮುಟ್ಟು ಶುರುವಾದ ದಿನದಿಂದ ಮುಂದಿನ ಮುಟ್ಟಿನವರೆಗೆ) ಎಷ್ಟು ದಿನದ್ದೋ ಅದರಲ್ಲಿ 17 ಕಳೆಯಿರಿ, ಆ ದಿನ ಶುರು ಮಾಡಿ. ನನಗೆ 17ನೇ ದಿನ ಬಂತು. ಮೊಟ್ಟೆ ಬಿಡುಗಡೆ ಆಗೋದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಹತ್ತಿರ ಹತ್ತಿರ 14 ದಿನ ಮುಂಚೆ, ಹಾಗಾಗಿ ಹಿಂದಿನಿಂದ ಎಣಿಸಬೇಕು. ದಿನ ಹಿಂದೆಮುಂದೆ ಆಗುವವರಿಗೆ ಐದು ಪಟ್ಟಿ ಯಾವ ಮೂಲೆಗೂ ಸಾಲಲ್ಲ. ಬಾಕ್ಸಿನ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯೋಕೆ ಏನು ಕಷ್ಟವೋ.

ಇನ್ನೊಂದು ತಪ್ಪು, ಬೆಳಿಗ್ಗೆ ಎದ್ದ ಕೂಡಲೇ ಮಾಡೋದು. ಪ್ರೆಗ್ನೆನ್ಸಿ ಕಿಟ್‌ಗೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಅದೇ ಅಭ್ಯಾಸ. ಈ ಹಾರ್ಮೋನು ಬಹಳ ಜನರಿಗೆ ಬೆಳಗಿನ ಜಾವ ಏರುತ್ತದೆ, ಮೂತ್ರಕ್ಕೆ ಬರೋಕೆ ಕೆಲವು ಗಂಟೆ ಬೇಕು. ಮಧ್ಯಾಹ್ನವೋ ಸಂಜೆಯೋ, ದಿನಾ ಒಂದೇ ಹೊತ್ತಿಗೆ ಮಾಡಿದರೆ ಒಳ್ಳೆಯದು. ಅದಕ್ಕೆ ಎರಡು ಗಂಟೆ ಮುಂಚಿನಿಂದ ನೀರು ಜಾಸ್ತಿ ಕುಡಿಯಬಾರದು, ಕುಡಿದರೆ ತೆಳುವಾಗಿ ಗೆರೆ ಕಾಣಲ್ಲ. ನನ್ನ ಆಫೀಸು ಧಾರವಾಡದಲ್ಲಿ, ಜುಬಿಲಿ ಸರ್ಕಲ್ ಹತ್ತಿರ. ಮಧ್ಯಾಹ್ನ ಎರಡು ಗಂಟೆಗೆ ಅಂತ ಇಟ್ಟುಕೊಂಡೆ. ಏಪ್ರಿಲ್ ಬಿಸಿಲು, ನೀರು ಕುಡಿಯೋ ಹಾಗಿಲ್ಲ, ಬಾತ್‌ರೂಮಿಗೆ ಹೋಗೋ ಹಾಗೂ ಇಲ್ಲ. ಮೂತ್ರ ಹಿಡಿಯೋಕೆ ಚಹಾದ ಪೇಪರ್ ಕಪ್ ಒಯ್ಯುತ್ತಿದ್ದೆ. ಒಂದು ದಿನ ಪಕ್ಕದ ಟೇಬಲ್ಲಿನ ಮೇಡಂ ನನ್ನ ಕೈಯಲ್ಲಿ ಕಪ್ ನೋಡಿ "ಚಾ ಬಂತೇನ್ರಿ? ನನಗೂ ಒಂದು ಹೇಳ್ರಿ" ಅಂದರು. ಇಲ್ಲರೀ ಮೇಡಂ, ಇದು ಖಾಲಿ ಅಂತ ಹೇಳಿ ಓಡಿದೆ.

ಈಗ ಗೆರೆಯ ವಿಷಯ, ಎಲ್ಲರೂ ಎಡವೋದು ಇಲ್ಲೇ. ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡನೇ ಗೆರೆ ಮಸುಕಾಗಿ ಬಂದರೂ ಪಾಸಿಟಿವ್ ಅಂತಾರೆ. ಇದರಲ್ಲಿ ಹಾಗಲ್ಲ. ಎಲ್‌ಎಚ್ ಮೈಯಲ್ಲಿ ಯಾವಾಗಲೂ ಸ್ವಲ್ಪ ಇರುತ್ತದೆ, ಅದಕ್ಕೇ ಮಸುಕು ಗೆರೆ ಎಷ್ಟೋ ದಿನ ಬರುತ್ತದೆ. ಟೆಸ್ಟ್ ಗೆರೆ, ಪಟ್ಟಿ ಸರಿ ಇದೆ ಅಂತ ತೋರಿಸೋ ಕಂಟ್ರೋಲ್ ಗೆರೆಯಷ್ಟೇ ಗಾಢ ಅಥವಾ ಅದಕ್ಕಿಂತ ಗಾಢ ಇದ್ದರೆ ಮಾತ್ರ ಪಾಸಿಟಿವ್. ಹೇಳೋಕೆ ಸುಲಭ. ಎರಡನೇ ತಿಂಗಳು ಒಂದು ರಜೆಯ ದಿನ ನಾನೂ ನಮ್ಮ ಮನೆಯವರೂ ಕಿಟಕಿ ಹತ್ತಿರ ನಿಂತು ಪಟ್ಟಿಯನ್ನು ಓರೆ ಮಾಡಿ, ನೇರ ಮಾಡಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆವು. ಎಡಗಡೆಯ ಗೆರೆ ದಾಸವಾಳದ ಬಣ್ಣ, ಬಲಗಡೆಯದು ಒಗೆದು ಒಗೆದು ಮಾಸಿದ ಸೀರೆಯ ಅಂಚಿನ ಬಣ್ಣ. ಅವರು "ಸೇಮ್ ಅದ" ಅಂದರು, ನಾನು "ಇಲ್ಲ" ಅಂದೆ. ಮರುದಿನದ ಪಟ್ಟಿಯಲ್ಲಿ ಎರಡೂ ದಾಸವಾಳ, ವಾದವೇ ಬೇಕಾಗಲಿಲ್ಲ. ಫೋಟೋ ತೆಗೆದು ತಾರೀಖು ಬರೆದಿಟ್ಟುಕೊಳ್ಳಿ, ಹಿಂದಿನ ದಿನದ್ದರ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಬಾಕ್ಸಿನೊಳಗಿನ ಚೀಟಿಯಲ್ಲಿ ಹೇಳಿದಷ್ಟು ನಿಮಿಷದೊಳಗೆ ನೋಡಿ ಮುಗಿಸಿ. ರಾತ್ರಿ ಕಸದ ಬುಟ್ಟಿಯಿಂದ ಹೆಕ್ಕಿ ಮತ್ತೆ ನೋಡಬೇಡಿ, ಒಣಗಿದ ಮೇಲೆ ಕಾಣೋ ಗೆರೆಗೆ ಅರ್ಥ ಇಲ್ಲ. (ನಾನು ಹೆಕ್ಕಿದ್ದೇನೆ.)

ಪಿಸಿಓಡಿ (ಹಾರ್ಮೋನು ಏರುಪೇರಾಗಿ ಮುಟ್ಟು ಹಿಂದೆಮುಂದೆ ಆಗುವ ತೊಂದರೆ) ಇದ್ದವರು ಇದರ ಮೇಲೆ ದುಡ್ಡು ಹಾಕುವ ಮುಂಚೆ ಡಾಕ್ಟರನ್ನು ಕೇಳಿ. ಗದಗದಲ್ಲಿರುವ ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಅದು ಇದೆ. ಅಂಥವರಲ್ಲಿ ಎಲ್‌ಎಚ್ ಮೊದಲೇ ಜಾಸ್ತಿ ಇರಬಹುದು, ಆಗ ಪಟ್ಟಿ ಸುಳ್ಳು ಹೇಳಬಹುದು. "ನಿಂದು ಒಂದು ದಿನ, ನಂದು ವಾರಗಟ್ಟಲೆ ಪಾಸಿಟಿವ್ ನೋಡು" ಅಂತ ವೈನಿ ನಕ್ಕರು. ನಗು ನೋಡಿ ನನಗೇ ಸಂಕಟ ಆಯಿತು. ಕೊನೆಗೆ ಅವರು ಸ್ಕ್ಯಾನಿಂಗ್‌ಗೆ ಹೋದರು. ಫಾಲಿಕ್ಯುಲರ್ ಸ್ಟಡಿ ಅಂತಾರಲ್ಲ, ಅದರಲ್ಲಿ ಮೊಟ್ಟೆಯ ಗುಳ್ಳೆ ಬೆಳೆದು ಒಡೆದದ್ದು ಕಣ್ಣಿಗೆ ಕಾಣುತ್ತದೆ. ನಮ್ಮ ಪಟ್ಟಿ ಹಾರ್ಮೋನು ಏರಿತು ಅಂತ ಮಾತ್ರ ಹೇಳುತ್ತದೆ, ಮೊಟ್ಟೆ ನಿಜವಾಗಿ ಹೊರಬಂತಾ ಅಂತ ಅದಕ್ಕೆ ಗೊತ್ತಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ನನ್ನ ದಿನ ಯಾವುದು ಅಂತ ಗೊತ್ತಾಯಿತು, ಅದು ಸಣ್ಣ ವಿಷಯ ಅಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಐದೇ ಪಟ್ಟಿಯ ಬಾಕ್ಸಿಗೆ. ಇನ್ನರ್ಧ ಮನೆಯ ವಾತಾವರಣಕ್ಕೆ. ಗೆರೆ ಗಾಢ ಬಂದ ದಿನ ಫೋನ್ ಮಾಡಿ "ಇವತ್ತು ಬೇಗ ಬರ್ರಿ" ಅಂದರೆ ನಮ್ಮ ಮನೆಯವರಿಗೆ ಪರೀಕ್ಷೆ ಹಾಲ್ ಟಿಕೆಟ್ ಬಂದಷ್ಟು ಭಯ. ನಾಲ್ಕನೇ ತಿಂಗಳಿಂದ ಪಟ್ಟಿಯ ವಿಷಯ ಅವರಿಗೆ ಹೇಳೋದೇ ಬಿಟ್ಟೆ, ಗೆರೆ ಗಾಢ ಆಗುವ ಮುಂಚಿನ ದಿನಗಳಿಂದಲೇ ದಿನ ಬಿಟ್ಟು ದಿನ ಅಂತ ನನ್ನಷ್ಟಕ್ಕೆ ನೋಡಿಕೊಂಡೆ. ಇಬ್ಬರಿಗೂ ಆರಾಮ.

ವಯಸ್ಸು 35ರೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ನೋಡಿ ಡಾಕ್ಟರ ಹತ್ತಿರ ಹೋಗಿ ಅಂತಾರೆ. ನನಗೆ 36, ಹೋದ ವಾರ ಹೋದೆವು. ಆರು ತಿಂಗಳ ಪಟ್ಟಿಯ ಫೋಟೋ ತೋರಿಸೋಕೆ ಮೊಬೈಲ್ ತೆಗೆದೆ. ಡಾಕ್ಟರ್ ಮೇಡಂ ನೋಡಿ "ಛಲೋ ಇಟ್ಟೀರಿ" ಅಂದು, ನಮ್ಮ ಮನೆಯವರ ಕಡೆ ತಿರುಗಿ, "ನಿಮ್ಮ ರಿಪೋರ್ಟ್ ಎಲ್ಲಿ ಅದರಿ?" ಅಂದರು. ಸೆಮೆನ್ ಟೆಸ್ಟ್ (ವೀರ್ಯ ಪರೀಕ್ಷೆ) ಬರೆದುಕೊಟ್ಟಿದ್ದಾರೆ. ಸೋಮವಾರ ಲ್ಯಾಬಿಗೆ ಹೋಗಬೇಕು, ಈ ಸಲ ಡಬ್ಬಿ ಹಿಡಿಯೋ ಸರದಿ ಅವರದು.