ಲಾಗೌಟ್ ಒತ್ತಿದರೂ ಸಾಯದ ಸೆಷನ್: ಪಿಎಚ್‌ಪಿಯಲ್ಲಿ ಕೌಂಟರ್ ಸಾಫ್ಟ್‌ವೇರ್ ಮಾಡುವವರು ಒಮ್ಮೆ ನೋಡಿಕೊಳ್ಳಿ

ಒಂದು ಕಾಲೇಜಿನ ಶುಲ್ಕ ಕೌಂಟರ್. ಇರುವುದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಲೆಕ್ಕಪತ್ರದ ಮೇಲ್ವಿಚಾರಕರು ಕೂರುತ್ತಾರೆ, ಊಟದ ನಂತರ ಗುಮಾಸ್ತರು. ರಸೀದಿ ಹಾಕುವುದಕ್ಕೆ ಇಬ್ಬರಿಗೂ ಅನುಮತಿ ಇದೆ, ಹಾಕಿದ ರಸೀದಿಯನ್ನು ರದ್ದು ಮಾಡುವುದು ಮೇಲ್ವಿಚಾರಕರಿಗೆ ಮಾತ್ರ. ತಿಂಗಳ ಕೊನೆಗೆ ಲೆಕ್ಕ ತಾಳೆ ಹಾಕುವಾಗ ನೋಡಿದರೆ, ರದ್ದಾದ ಕೆಲವು ರಸೀದಿಗಳ ಮುಂದೆ ಗುಮಾಸ್ತರ ಹೆಸರು! ಪಾಸ್‌ವರ್ಡ್ ಕದ್ದರು, ಸಿಸ್ಟಮ್ ಹ್ಯಾಕ್ ಮಾಡಿದರು ಎಂದೆಲ್ಲ ಮಾತು ಹಬ್ಬಿ, ವಿಷಯ ಮೆಮೊ ಕೊಡುವವರೆಗೂ ಹೋಯಿತು. ಗುಮಾಸ್ತರು ಮಾಡಿದ್ದು ಇಷ್ಟೇ: ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡ್ ಹಾಕಿ ಒಳಗೆ ಬಂದರು. ತೆರೆಯ ಮೇಲೆ ‘ರದ್ದು’ ಬಟನ್ ಕಾಣಿಸಿತು. ತಪ್ಪಾಗಿ ಹಾಕಿದ ರಸೀದಿಗಳ ಮೇಲೆ ಅದನ್ನು ಒತ್ತಿದರು. ಬಟನ್ ಕಂಡಿತೆಂದರೆ ತಮಗೂ ಅನುಮತಿ ಸಿಕ್ಕಿದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ.

ಕಳ್ಳ ಇದ್ದದ್ದು ಲಾಗೌಟ್ ಫೈಲಿನಲ್ಲಿ. ಇಡೀ ಫೈಲು ಮೂರೇ ಸಾಲು: ಸೆಟ್‌ಕುಕಿ ಫಂಕ್ಷನ್‌ನಿಂದ ಪಿಎಚ್‌ಪಿಸೆಸ್‌ಐಡಿ ಎಂಬ ಕುಕಿಗೆ (ಲಾಗಿನ್ ಆದವರು ಯಾರು ಎಂದು ಸರ್ವರ್ ಇಟ್ಟುಕೊಳ್ಳುವ ದಾಖಲೆಯೇ ಸೆಷನ್, ಅದರ ಐಡಿ ಬ್ರೌಸರಿನ ಈ ಕುಕಿಯಲ್ಲಿರುತ್ತದೆ) ಒಂದು ಗಂಟೆ ಹಿಂದಿನ ಸಮಯ ಕೊಟ್ಟು ಅಳಿಸಲು ಹೇಳುವುದು, ಲೊಕೇಶನ್ ಹೆಡರ್ ಹಾಕಿ ಲಾಗಿನ್ ಪುಟಕ್ಕೆ ಕಳಿಸುವುದು, ಎಕ್ಸಿಟ್. ಓದಿದವರಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಫೈಲು ಇದ್ದದ್ದು ‘ಅಕೌಂಟ್’ ಎಂಬ ಫೋಲ್ಡರಿನ ಒಳಗೆ. ಸೆಟ್‌ಕುಕಿಗೆ ಪಾತ್, ಅಂದರೆ ಕುಕಿ ಸೈಟಿನ ಯಾವ ಭಾಗಕ್ಕೆ ಎಂಬುದನ್ನು, ಹೇಳದಿದ್ದರೆ ಸ್ಕ್ರಿಪ್ಟ್ ಇರುವ ಫೋಲ್ಡರೇ ಪಾತ್ ಆಗುತ್ತದೆ. ಸೆಷನ್ ಕುಕಿಯನ್ನು ಪಿಎಚ್‌ಪಿ ಮೊದಲು ಕೊಟ್ಟದ್ದು ಬರೀ ಓರೆಗೆರೆಯ ಪಾತ್‌ಗೆ, ಅಂದರೆ ಇಡೀ ಸೈಟಿಗೆ. ಹೆಸರು, ಪಾತ್, ಡೊಮೇನ್ ಮೂರೂ ಹೊಂದಿದರೆ ಮಾತ್ರ ಬ್ರೌಸರ್ ಅದನ್ನು ಅದೇ ಕುಕಿ ಎಂದು ಗುರುತಿಸುತ್ತದೆ. ಇಲ್ಲಿ ಪಾತ್ ಬೇರೆ, ಹಾಗಾಗಿ ಇಲ್ಲದ ಕುಕಿಯೊಂದನ್ನು ಅಳಿಸಲು ಹೇಳಿದಂತಾಯಿತು. ಇದ್ದ ಕುಕಿ ಇದ್ದಲ್ಲೇ ಇತ್ತು. ಇದಕ್ಕೆ ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲೂ ಬೀಳುವುದಿಲ್ಲ.

ಕುಕಿ ಅಳಿದಿದ್ದರೂ ಅರ್ಧ ಕೆಲಸವೇ ಆಗುತ್ತಿತ್ತು. ಕುಕಿ ಎಂಬುದು ಕೋಟು ಬಿಟ್ಟುಹೋದಾಗ ಕೊಡುವ ಟೋಕನ್ ಇದ್ದ ಹಾಗೆ, ಕೋಟು ಇರುವುದು ಸರ್ವರಿನಲ್ಲಿ. ಸೆಷನ್ ಅಳಿಸುವ ಸೆಷನ್ ಡಿಸ್ಟ್ರಾಯ್ ಫಂಕ್ಷನನ್ನು ಎಲ್ಲೂ ಕರೆಯದಿದ್ದ ಕಾರಣ ಸರ್ವರಿನ ಸೆಷನ್ ಫೋಲ್ಡರಿನಲ್ಲಿ ಆ ಫೈಲು ಹಾಗೇ ಕೂತಿತ್ತು.

ಇನ್ನು ಲಾಗಿನ್ ಕೋಡ್. ಪಾಸ್‌ವರ್ಡ್ ಹೊಂದಿದ ಮೇಲೆ ಬಳಕೆದಾರರ ಸಂಖ್ಯೆ, ಹೆಸರು ಸೆಷನ್ನಿಗೆ ಬರೆಯುತ್ತಿತ್ತು. ನಂತರ ಒಂದು ಇಫ್: ಮೇಲ್ವಿಚಾರಕರಾದರೆ ‘ರದ್ದು ಅನುಮತಿ’ಗೆ 1 ಹಾಕು. ಎಲ್ಸ್ ಇರಲಿಲ್ಲ. ಹೊಸ ಸೆಷನ್ ಆಗಿದ್ದರೆ ಎಲ್ಸ್ ಬೇಕಾಗಿಯೂ ಇರಲಿಲ್ಲ, ಅನುಮತಿಯ ಜಾಗ ಖಾಲಿಯೇ ಇರುತ್ತಿತ್ತು. ಆದರೆ ಗುಮಾಸ್ತರು ಲಾಗಿನ್ ಆದದ್ದು ಮೇಲ್ವಿಚಾರಕರ ಹಳೇ ಸೆಷನ್ನಿನ ಮೇಲೆ. ಸೆಷನ್ ಫೈಲ್ ತೆರೆದು ನೋಡಿದರೆ ಸಂಖ್ಯೆ ಬದಲಾಗಿದೆ, ಹೆಸರು ಬದಲಾಗಿದೆ, ರದ್ದು ಅನುಮತಿಯ ಮುಂದೆ ಮಾತ್ರ ಬೆಳಗಿನ 1 ಅಲುಗಾಡದೆ ಕೂತಿದೆ.

ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ? ಪರೀಕ್ಷೆ ಮಾಡುವವರು ಮೇಲ್ವಿಚಾರಕರಿಗೆ ಒಂದು ಸಾಮಾನ್ಯ ವಿಂಡೊ, ಗುಮಾಸ್ತರಿಗೆ ಒಂದು ಇನ್‌ಕಾಗ್ನಿಟೊ ವಿಂಡೊ ತೆರೆದುಕೊಳ್ಳುತ್ತಾರೆ. ಎರಡರ ಕುಕಿಗಳೂ ಬೇರೆ ಬೇರೆ. ಒಬ್ಬರು ಎದ್ದು ಹೋದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುವ ಸಂದರ್ಭ ಟೆಸ್ಟಿಂಗ್‌ನಲ್ಲಿ ಬರುವುದೇ ಇಲ್ಲ. ಕೌಂಟರಿನಲ್ಲಾದರೋ ದಿನಾ ಅದೇ.

ಲಾಗೌಟ್ ಹೇಗಿರಬೇಕು ಎಂದರೆ, ಮೊದಲು ಸೆಷನ್ ಸ್ಟಾರ್ಟ್. ಇದನ್ನು ಬಿಟ್ಟು ಡಿಸ್ಟ್ರಾಯ್ ಕರೆದರೆ ನಾಶ ಮಾಡಲು ಸೆಷನ್ನೇ ತೆರೆದಿರುವುದಿಲ್ಲ, ಬರೀ ವಾರ್ನಿಂಗ್ ಬರುತ್ತದೆ. ನಂತರ ಸೆಷನ್ ಅರೇಯನ್ನು ಖಾಲಿ ಅರೇ ಮಾಡಿ, ಯಾಕೆಂದರೆ ಡಿಸ್ಟ್ರಾಯ್ ಸರ್ವರಿನ ದಾಖಲೆ ಅಳಿಸುತ್ತದೆಯೇ ಹೊರತು ಆ ಕ್ಷಣದಲ್ಲಿ ಮೆಮೊರಿಯಲ್ಲಿರುವ ಅರೇಯನ್ನಾಗಲಿ, ಬ್ರೌಸರಿನ ಕುಕಿಯನ್ನಾಗಲಿ ಮುಟ್ಟುವುದಿಲ್ಲ. ಮೂರನೆಯದು ಕುಕಿ. ಅದರ ಪಾತ್ ಮತ್ತು ಡೊಮೇನನ್ನು ಕೈಯಾರೆ ಬರೆಯಬೇಡಿ, ಸೆಷನ್ ಗೆಟ್ ಕುಕಿ ಪ್ಯಾರಮ್ಸ್ ಕೊಟ್ಟದ್ದನ್ನೇ ಹಾಕಿ. ಆಮೇಲೆ ಡಿಸ್ಟ್ರಾಯ್, ರೀಡೈರೆಕ್ಟ್, ಎಕ್ಸಿಟ್. ಈ ಫೈಲಿನಲ್ಲಿ ಪಿಎಚ್‌ಪಿ ಟ್ಯಾಗಿನ ಮುಂಚೆ ಒಂದು ಖಾಲಿ ಸಾಲಿದ್ದರೂ ಔಟ್‌ಪುಟ್ ಆಗಲೇ ಹೊರಟಿರಬಹುದು. ಆಗ ಕುಕಿ ಹೆಡರ್ ಹೋಗುವುದಿಲ್ಲ.

ಲಾಗಿನ್ ಕಡೆ: ಪಾಸ್‌ವರ್ಡ್ ಸರಿ ಎಂದು ಗೊತ್ತಾದ ಕೂಡಲೇ ಸೆಷನ್ ಅರೇ ಖಾಲಿ ಮಾಡಿ, ಸೆಷನ್ ರೀಜನರೇಟ್ ಐಡಿಗೆ ಟ್ರೂ ಕೊಟ್ಟು ಕರೆಯಿರಿ. ಹೊಸ ಐಡಿ ಬರುತ್ತದೆ, ಹಳೆಯದು ಅಳಿಯುತ್ತದೆ. ತನಗೆ ಗೊತ್ತಿರುವ ಐಡಿಯನ್ನು ಮೊದಲೇ ಬೇರೆಯವರ ಬ್ರೌಸರಿಗೆ ಕೊಟ್ಟು, ಅವರು ಲಾಗಿನ್ ಆಗುವುದನ್ನು ಕಾಯುವ ಸೆಷನ್ ಫಿಕ್ಸೇಶನ್ ದಾಳಿಗೂ ಇದೇ ಮದ್ದು. ಜೊತೆಗೆ ಸೆಟ್ಟಿಂಗ್ ಫೈಲಾದ ಪಿಎಚ್‌ಪಿ ಐಎನ್‌ಐಯಲ್ಲಿ ಯೂಸ್ ಸ್ಟ್ರಿಕ್ಟ್ ಮೋಡ್ 1 ಮಾಡಿ. ಡಿಫಾಲ್ಟ್ 0 ಇರುತ್ತದೆ. 0 ಇದ್ದರೆ ಬ್ರೌಸರ್ ಯಾವ ಐಡಿ ತಂದುಕೊಟ್ಟರೂ ಪಿಎಚ್‌ಪಿ ಅದೇ ಹೆಸರಿನಲ್ಲಿ ಸೆಷನ್ ತೆರೆದುಕೊಡುತ್ತದೆ. ರೀಜನರೇಟನ್ನು ಮಾತ್ರ ಪ್ರತಿ ಪುಟಕ್ಕೂ ಹಾಕಬೇಡಿ. ಅಜಾಕ್ಸ್ ಕೋರಿಕೆಗಳು (ಪುಟ ಬದಲಾಗದೆ ಹಿನ್ನೆಲೆಯಲ್ಲಿ ಸರ್ವರಿಗೆ ಹೋಗುವವು) ನಾಲ್ಕು ಒಟ್ಟಿಗೆ ಹೋದಾಗ ಒಂದು ಹೊಸ ಐಡಿ ಪಡೆದಿರುತ್ತದೆ, ಉಳಿದವು ಅಳಿದುಹೋದ ಐಡಿ ಹಿಡಿದು ಬಾಗಿಲಲ್ಲಿ ನಿಂತಿರುತ್ತವೆ. ಲಾಗಿನ್ ಆದಾಗ ಮತ್ತು ಅಧಿಕಾರ ಬದಲಾದಾಗ ಸಾಕು.

ಹಣದ ವಿಷಯಕ್ಕೆ ಬಂದರೆ ಅನುಮತಿಯನ್ನು ಸೆಷನ್ನಿನಲ್ಲಿ ಇಡಲೇಬಾರದು ಎಂಬುದು ಇಲ್ಲಿನ ಪಕ್ಕಾ ಅಭಿಪ್ರಾಯ. ಸೆಷನ್ನಿನಲ್ಲಿ ಬಳಕೆದಾರರ ಸಂಖ್ಯೆ ಇರಲಿ. ರದ್ದು ಒತ್ತಿದಾಗ ಡೇಟಾಬೇಸಿಗೆ ಹೋಗಿ ಕೇಳಲಿ. ಒಂದು ಸಣ್ಣ ಕ್ವೆರಿಯಿಂದ ಕೌಂಟರ್ ನಿಧಾನವಾಗುವುದಿಲ್ಲ.

ಇದೇ ಸಾಫ್ಟ್‌ವೇರಿನಲ್ಲಿ ಇನ್ನೊಂದು ಎಡವಟ್ಟು ಇತ್ತು. ಬ್ಯಾಕ್ ಒತ್ತಿದರೆ ಫಾರ್ಮ್ ಖಾಲಿಯಾಗುತ್ತದೆ, ಮತ್ತೆ ಕಳಿಸಲೇ ಎಂದು ಬ್ರೌಸರ್ ಕೇಳುತ್ತದೆ ಎಂಬ ದೂರು ಬಂದಾಗ ಯಾರೋ, ಪುಟದ ಪ್ರತಿಯನ್ನು ಬ್ರೌಸರ್ ಉಳಿಸಿಟ್ಟುಕೊಳ್ಳುವುದನ್ನು (ಕ್ಯಾಶ್) ನಿಯಂತ್ರಿಸುವ ಸೆಷನ್ ಕ್ಯಾಶ್ ಲಿಮಿಟರನ್ನು ಪ್ರೈವೇಟ್ ನೋ ಎಕ್ಸ್‌ಪೈರ್ ಮಾಡಿದ್ದರು. ಪಿಎಚ್‌ಪಿಯ ಡಿಫಾಲ್ಟ್ ನೋಕ್ಯಾಶ್, ಅದು ಪುಟವನ್ನು ಎಲ್ಲೂ ಉಳಿಸಬೇಡ ಎಂದು ನೋ-ಸ್ಟೋರ್ ಕಳಿಸುತ್ತದೆ. ಬದಲಾದ ಮೇಲೆ ಹೋಗುತ್ತಿದ್ದದ್ದು ಮ್ಯಾಕ್ಸ್-ಏಜ್ 10800, ಅಂದರೆ ಮೂರು ಗಂಟೆ. ಕ್ಯಾಶ್ ಎಕ್ಸ್‌ಪೈರ್‌ನ ಡಿಫಾಲ್ಟ್ 180 ನಿಮಿಷ. ಲಾಗೌಟ್ ಸರಿಪಡಿಸಿದ ಮೇಲೂ ಬ್ಯಾಕ್ ಒತ್ತಿದರೆ ಬೆಳಗಿನ ವಿದ್ಯಾರ್ಥಿಗಳ ಹೆಸರು, ಬಾಕಿ, ಫೋನ್ ನಂಬರ್ ಎಲ್ಲ ಕಾಣುತ್ತಿತ್ತು. ಸರ್ವರ್‌ಗೆ ಇದು ಗೊತ್ತೇ ಆಗುವುದಿಲ್ಲ, ಪುಟ ಬರುತ್ತಿರುವುದು ಆ ಕಂಪ್ಯೂಟರಿನ ಕ್ಯಾಶ್‌ನಿಂದ. ಫಾರ್ಮಿನ ದೂರಿಗೆ ಸರಿಯಾದ ಪರಿಹಾರ, ಪೋಸ್ಟ್ ಆದ ನಂತರ ರಸೀದಿ ಪುಟಕ್ಕೆ ರೀಡೈರೆಕ್ಟ್ ಮಾಡುವುದು. ಲಾಗೌಟ್ ಉತ್ತರದಲ್ಲಿ, ಉಳಿಸಿದ್ದನ್ನು ಅಳಿಸಲು ಬ್ರೌಸರಿಗೆ ಹೇಳುವ ಕ್ಲಿಯರ್-ಸೈಟ್-ಡೇಟಾ ಹೆಡರನ್ನೂ ಕಳಿಸಬಹುದು. ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ನೋ-ಸ್ಟೋರ್ ಇರಲೇಬೇಕು.

ಕ್ಯಾಶ್ ಬ್ರೌಸರಿನಲ್ಲಿದ್ದರೆ ಒಂದು ಕೌಂಟರಿನ ಪಾಡು. ನಡುವಿನ ಕ್ಯಾಶ್ ಸರ್ವರಿನಲ್ಲಿ ಇದೇ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೆ 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಗೇಮ್ ಅಂಗಡಿಯಲ್ಲಿ ಆದದ್ದು ನೋಡಿ. ದಾಳಿ ತಡೆಯಲು ಹಾಕಿದ ಕ್ಯಾಶ್ ಸೆಟ್ಟಿಂಗ್ ಎಡವಟ್ಟಾಗಿ, ಲಾಗಿನ್ ಆದವರ ಪುಟಗಳು ಬೇರೆಯವರಿಗೆ ಹೋದವು. ಸುಮಾರು 34,000 ಜನರ ವಿವರ ಹೀಗೆ ಹೊರಬಿದ್ದಿರಬಹುದು ಎಂದು ಅದನ್ನು ನಡೆಸುವ ವಾಲ್ವ್ ಕಂಪನಿಯೇ ಹೇಳಿತು.

ಸಮಯ ಮಿತಿಯ ಬಗ್ಗೆ ಒಂದು ತಪ್ಪು ನಂಬಿಕೆ ತುಂಬ ಇದೆ. ಜಿಸಿ ಮ್ಯಾಕ್ಸ್‌ಲೈಫ್‌ಟೈಮ್ 1440 ಸೆಕೆಂಡ್, ಹಾಗಾದರೆ 24 ನಿಮಿಷಕ್ಕೆ ತಾನಾಗಿ ಲಾಗೌಟ್ ಆಗುತ್ತದೆ ಎನ್ನುತ್ತಾರೆ. ಆಗುವುದಿಲ್ಲ. ಅದು ಕಸ ಗುಡಿಸುವವರಿಗೆ ಕೊಟ್ಟ ಸೂಚನೆ ಅಷ್ಟೆ: ಇಷ್ಟು ಹಳೆಯದಾದದ್ದು ಕಸ ಎಂದು ತಿಳಿ. ಗುಡಿಸುವುದು ಯಾವಾಗ ಎನ್ನುವುದು ಬೇರೆ ಲೆಕ್ಕ. ಪಿಎಚ್‌ಪಿಯ ಡಿಫಾಲ್ಟ್‌ನಲ್ಲಿ ನೂರು ಸೆಷನ್ ಸ್ಟಾರ್ಟ್‌ಗೆ ಒಮ್ಮೆಯ ಸಂಭವ. ಲಿನಕ್ಸ್‌ನ ಡೆಬಿಯನ್, ಉಬುಂಟುಗಳಲ್ಲಿ ಅದನ್ನೂ 0 ಮಾಡಿ, ಅರ್ಧ ಗಂಟೆಗೊಮ್ಮೆ ಓಡುವ ಬೇರೆ ಸ್ಕ್ರಿಪ್ಟಿಗೆ ವಹಿಸಿದ್ದಾರೆ. ಆ ಸ್ಕ್ರಿಪ್ಟ್ ಓದುವುದು ಪಿಎಚ್‌ಪಿ ಐಎನ್‌ಐಯನ್ನು, ನಿಮ್ಮ ಕೋಡಿನಲ್ಲಿ ಐಎನ್‌ಐ ಸೆಟ್‌ನಿಂದ ಹಾಕಿದ 86400 ಅದಕ್ಕೆ ಕಾಣುವುದೇ ಇಲ್ಲ. ‘ಒಂದು ದಿನ ಇಟ್ಟಿದ್ದರೂ ಅರ್ಧ ಗಂಟೆಗೆ ಹೊರಗೆ ಹಾಕುತ್ತದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಒಂದೇ ಸರ್ವರಿನಲ್ಲಿ ಎರಡು ಸಾಫ್ಟ್‌ವೇರ್ ಒಂದೇ ಸೆಷನ್ ಫೋಲ್ಡರ್ ಬಳಸಿದರೆ, ಕಡಿಮೆ ಅವಧಿಯದು ಗುಡಿಸುವಾಗ ಇನ್ನೊಂದರ ಫೈಲನ್ನೂ ಗುಡಿಸಿಹಾಕುತ್ತದೆ. ಫೋಲ್ಡರ್ ಬೇರೆ ಮಾಡಿ. ಡೆಬಿಯನ್, ಉಬುಂಟುವಿನಲ್ಲಿ ಹಾಗೆ ಬೇರೆ ಮಾಡಿದ ಫೋಲ್ಡರನ್ನು ಯಾರು ಗುಡಿಸುತ್ತಾರೆ ಎಂದೂ ನೋಡಿಕೊಳ್ಳಿ. ಅವಧಿಯನ್ನು ನೀವೇ ಎಣಿಸಿ: ಕೊನೆಯ ಚಟುವಟಿಕೆಯ ಸಮಯವನ್ನು ಸೆಷನ್ನಿನಲ್ಲಿ ಬರೆದು, ಪ್ರತಿ ಕೋರಿಕೆಯಲ್ಲೂ ಹೋಲಿಸಿ, ಮೀರಿದ್ದರೆ ಮೇಲೆ ಹೇಳಿದ ಪೂರ್ತಿ ಲಾಗೌಟ್ ನಡೆಸಿ. ಹಣದ ಕೌಂಟರಿಗೆ 15 ನಿಮಿಷ ಧಾರಾಳ. ಪರದೆ ಮೇಲೆ ತಾನಾಗಿ ಹೊಸ ಬಾಕಿ ತೋರಿಸುವ ಅಜಾಕ್ಸ್ ಕರೆ ಇದ್ದರೆ ಅದನ್ನು ಚಟುವಟಿಕೆ ಎಂದು ಎಣಿಸಬೇಡಿ, ಎಣಿಸಿದರೆ ಸೆಷನ್‌ಗೆ ಸಾವೇ ಇಲ್ಲ.

ಕಿಟಕಿ ಮುಚ್ಚಿದರೆ ಸೆಷನ್ ಕುಕಿ ಹೋಗುತ್ತದೆ ಎಂಬ ಭರವಸೆಯೂ ಬೇಡ. ಕ್ರೋಮ್‌ನಲ್ಲಿ ‘ಬಿಟ್ಟಲ್ಲಿಂದ ಮುಂದುವರಿಸು’ ಎಂಬ ಸೆಟ್ಟಿಂಗ್ ಹಾಕಿದ್ದರೆ ಬ್ರೌಸರ್ ಮತ್ತೆ ತೆರೆದಾಗ ಆ ಕುಕಿಗಳೂ ಮರಳಿ ಬರುತ್ತವೆ. ಕುಕಿಗೆ ಎಚ್‌ಟಿಟಿಪಿಓನ್ಲಿ (ಪುಟದ ಸ್ಕ್ರಿಪ್ಟಿಗೆ ಕಾಣದಂತೆ), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುವಂತೆ), ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟಿನಿಂದ ಬರುವ ಕೋರಿಕೆಗಳ ಜೊತೆ ಹೆಚ್ಚಾಗಿ ಹೋಗದಂತೆ) ಮೂರೂ ಹಾಕಿ. ಕಾಲೇಜಿನ ಒಳ ನೆಟ್‌ವರ್ಕಿನಲ್ಲಿ ಎಚ್‌ಟಿಟಿಪಿಎಸ್ ಇಲ್ಲದೆ ಓಡಿಸುತ್ತಿದ್ದರೆ ಮೊದಲು ಸರ್ಟಿಫಿಕೇಟ್ ಹಾಕಿಸಿ. ಇಲ್ಲವಾದರೆ ಸೆಕ್ಯೂರ್ ಹಾಕಿದ ಕುಕಿ ವಾಪಸ್ ಬರುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪುಟವೇ ಮತ್ತೆ ಮತ್ತೆ ತೆರೆಯುತ್ತದೆ.

‘ಈ ರಗಳೆಯೇ ಬೇಡ, ಜೆಡಬ್ಲ್ಯುಟಿ (ಸರ್ವರ್ ಸಹಿ ಹಾಕಿ ಕೊಡುವ ಗುರುತಿನ ಟೋಕನ್) ಹಾಕಿದರಾಯಿತು’ ಎನ್ನುವವರಿಗೆ: ಇದೇ ರೋಗ ಅಲ್ಲಿ ಇನ್ನೂ ಜೋರು. ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳದ ಟೋಕನ್ ಆದ್ದರಿಂದ ಲಾಗೌಟ್ ಎಂದರೆ ಬ್ರೌಸರಿನ ಲೋಕಲ್ ಸ್ಟೋರೇಜಿನಿಂದ ಅದನ್ನು ಅಳಿಸುವುದು ಮಾತ್ರ. ಯಾರಾದರೂ ಮೊದಲೇ ನಕಲು ಮಾಡಿಟ್ಟುಕೊಂಡಿದ್ದರೆ ಅವಧಿ ಮುಗಿಯುವವರೆಗೂ ಅದು ನಡೆಯುತ್ತದೆ. 10–15 ನಿಮಿಷದ ಟೋಕನ್, ಜೊತೆಗೆ ಡೇಟಾಬೇಸಿನಲ್ಲಿ ದಾಖಲಾದ, ಲಾಗೌಟ್‌ನಲ್ಲಿ ಅಳಿಸಬಹುದಾದ ರಿಫ್ರೆಶ್ ಟೋಕನ್ (ಹೊಸ ಟೋಕನ್ ಪಡೆಯಲು ಬಳಸುವುದು), ಇಷ್ಟಾದರೂ ಬೇಕು. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನ ಆಕ್ಸೆಸ್ ಟೋಕನ್‌ಗಳು ಕಳುವಾದಾಗ, ಪೆಟ್ಟು ಬಿದ್ದಿರಬಹುದೆಂದು ಅಂದಾಜಿಸಿದ 5 ಕೋಟಿ ಖಾತೆಗಳ ಜೊತೆ ಮುನ್ನೆಚ್ಚರಿಕೆಯಾಗಿ ಇನ್ನೂ 4 ಕೋಟಿ ಖಾತೆಗಳ ಟೋಕನ್‌ಗಳನ್ನು ರದ್ದು ಮಾಡಿದರು. ಹಾಗೆ ರದ್ದು ಮಾಡಲು ಸಾಧ್ಯವಾದದ್ದು ಕೀಲಿಕೈ ಸರ್ವರ್ ಕಡೆ ಇದ್ದದ್ದರಿಂದ.

ನಿಮ್ಮ ಲಾಗೌಟ್ ನಿಜವೋ ನಾಟಕವೋ ನೋಡಲು ಐದು ನಿಮಿಷ ಸಾಕು. ಲಾಗಿನ್ ಆಗಿ, ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಬಾಕಿ ಪಟ್ಟಿಯಂಥ ಒಂದು ಒಳಪುಟದ ಕೋರಿಕೆಯ ಮೇಲೆ ಬಲ ಕ್ಲಿಕ್ ಮಾಡಿ, ಕರ್ಲ್ (ಟರ್ಮಿನಲ್‌ನಿಂದ ಕೋರಿಕೆ ಕಳಿಸುವ ಸಾಧನ) ಆಗಿ ಕಾಪಿ ಮಾಡಿ. ಕುಕಿಯೂ ಅದರೊಳಗೇ ಬರುತ್ತದೆ. ಟರ್ಮಿನಲ್‌ನಲ್ಲಿ ಹೆಡರ್ ತೋರಿಸುವ ಆಯ್ಕೆ ಸೇರಿಸಿ ಓಡಿಸಿದರೆ ಪುಟ ಬರಬೇಕು. ಈಗ ಬ್ರೌಸರಿನಲ್ಲಿ ಲಾಗೌಟ್ ಮಾಡಿ ಅದೇ ಸಾಲನ್ನು ಮತ್ತೆ ಓಡಿಸಿ. 200 (ಪುಟ ಸಿಕ್ಕಿತು) ಬಂದರೆ ಸೆಷನ್ ಬದುಕಿದೆ. 302 (ಬೇರೆ ಪುಟಕ್ಕೆ ಹೋಗು) ಬಂತು ಎಂದು ಸುಮ್ಮನಾಗಬೇಡಿ, ಅದರ ಕೆಳಗೆ ಏನಿದೆ ನೋಡಿ. ಲಾಗಿನ್ ಪರಿಶೀಲಿಸುವ ಕೋಡಿನಲ್ಲಿ ಲೊಕೇಶನ್ ಹೆಡರ್ ಆದಮೇಲೆ ಎಕ್ಸಿಟ್ ಮರೆತಿದ್ದರೆ, ಬ್ರೌಸರ್ ಲಾಗಿನ್ ಪುಟಕ್ಕೆ ಹಾರುತ್ತದೆ, ಕರ್ಲ್‌ನಲ್ಲಿ ಮಾತ್ರ 302ರ ಕೆಳಗೆ ಇಡೀ ಬಾಕಿ ಪಟ್ಟಿ ಬಿದ್ದಿರುತ್ತದೆ. ಪಾಸ್‌ವರ್ಡ್ ಬದಲಿಸಿದ ಮೇಲೂ ಇದೇ ಪರೀಕ್ಷೆ ಮಾಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದಿದ್ದ ಸೆಷನ್ ಆ ಕ್ಷಣಕ್ಕೆ ಸಾಯಬೇಕು.

ಲಾಗೌಟ್ ಫಾರ್ಮ್ ಬಟನ್ನಿನಿಂದ ಹೋಗುವ ಪೋಸ್ಟ್ ಕೋರಿಕೆ ಆಗಿರಲಿ, ಬರೀ ಲಿಂಕ್ (ಗೆಟ್) ಬೇಡ. ಸೇಮ್‌ಸೈಟ್ ಇಲ್ಲದ ಕುಕಿಯಾದರೆ ಬೇರೆ ಸೈಟಿನ ಪುಟ ಒಂದು ಚಿತ್ರದ ನೆಪದಲ್ಲಿ ಆ ವಿಳಾಸ ಕರೆದರೂ, ಪುಟಗಳನ್ನು ಮುಂಚಿತವಾಗಿ ತರುವ ಸಾಧನ ಆ ಲಿಂಕ್ ಮುಟ್ಟಿದರೂ ಜನ ಹೊರಗೆ ಬೀಳುತ್ತಾರೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊದಲ್ಲಿ 5.0ರಿಂದ ಗೆಟ್ ಮೂಲಕ ಲಾಗೌಟ್ ಆಗುವುದನ್ನೇ ತೆಗೆದುಹಾಕಿದ್ದಾರೆ.

ಸರಿಪಡಿಸಿದ ಕೋಡನ್ನು ಏರಿಸುವುದಾದರೆ ಕೌಂಟರ್ ಮುಚ್ಚಿದ ಮೇಲೆ ಏರಿಸಿ, ಹಳೇ ಸೆಷನ್ ಫೈಲುಗಳನ್ನೆಲ್ಲ ಅಂದೇ ಅಳಿಸಿ. ಬಿಟ್ಟರೆ ಕೆಟ್ಟ ಅನುಮತಿ ಹೊತ್ತ ಸೆಷನ್‌ಗಳು ಮರುದಿನವೂ ಓಡಾಡುತ್ತವೆ. ಆಮೇಲೆ ಹಿಂದಿನ ದಾಖಲೆ ಜಾಲಿಸಿ: ರದ್ದು ಟೇಬಲ್ ಮತ್ತು ಬಳಕೆದಾರರ ಟೇಬಲ್ ಜೋಡಿಸಿ, ಅನುಮತಿ ಇಲ್ಲದವರ ಹೆಸರಿನಲ್ಲಿರುವ ಸಾಲುಗಳನ್ನು ತೆಗೆಯಿರಿ. ಪ್ರತಿ ಸಾಲಿಗೂ ಅದೇ ಐಪಿಯಿಂದ ಅದಕ್ಕೆ ಮುಂಚಿನ ಲಾಗಿನ್ ಯಾರದ್ದು ಎಂದು ನೋಡಿ. ಅನುಮತಿ ಇದ್ದವರದ್ದೇ ಆಗಿದ್ದರೆ ಆ ಪಟ್ಟಿಯನ್ನು ಮುದ್ರಿಸಿ, ಮೆಮೊ ಬರೆದವರ ಮೇಜಿನ ಮೇಲೆ ಇಡಿ.