ತೀನ್ ಕಂದಿಲ್ ಓಣಿಯ ಕಾಳಿನಂಗಡಿ: ಮನೆಯ ಲೆಕ್ಕಕ್ಕೆ ಒದಗುವ ಕಿರಾಣಿ

ರಾಯಚೂರಿನ ತೀನ್ ಕಂದಿಲ್ ವೃತ್ತದಿಂದ ಒಳಗೆ ಸಾಗುವ ಓಣಿಯೊಂದರಲ್ಲಿರುವ ಈ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಟ್ಟ ಧಾನ್ಯ ಒಂದೂ ಸಿಗುವುದಿಲ್ಲ. ಜೋಳ, ಅಕ್ಕಿ, ನವಣಿ, ಬೇಳೆಕಾಳು, ಶೇಂಗಾ, ಗುರೆಳ್ಳು, ಅಗಸಿ ಎಲ್ಲವೂ ಬಾಯಿ ಮಡಚಿದ ಚೀಲಗಳಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ನಿಂತಿರುತ್ತವೆ. ಗಿರಾಕಿ ಕಾಲು ಕಿಲೋ ಕೇಳಲಿ, ಇಪ್ಪತ್ತೈದು ಕಿಲೋ ಕೇಳಲಿ, ಒಂದೇ ದರಕ್ಕೆ ತೂಗಿ ಕೊಡುತ್ತಾರೆ. ಪ್ರಚಾರ ಬೇಡವೆಂದು ಮಾಲೀಕರು ಹೇಳಿದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಹಿಟ್ಟಿನ ಗಿರಣಿಗೆ ಹೊಂದಿಕೊಂಡಿರುವ ಕಾಳಿನಂಗಡಿ ಎಂದು ಕೇಳಿದರೆ ಓಣಿಯವರು ದಾರಿ ತೋರಿಸುತ್ತಾರೆ.

ನಾಲ್ವರಿರುವ ನಮ್ಮ ಮನೆಯಲ್ಲಿ ಒಲೆ ಹಚ್ಚುವುದು ಕಡಿಮೆಯಾಗಿ, ತಿಂಗಳ ಜಮಾ-ಖರ್ಚು ಬರೆಯುವ ರೂಢಿಯೂ ತಪ್ಪಿತ್ತು. ಎರಡನ್ನೂ ಮತ್ತೆ ಹಿಡಿಯುವ ಹೊತ್ತಿನಲ್ಲಿ ಈ ಅಂಗಡಿಯ ಬಳಕೆ ಶುರುವಾಯಿತು. ಆದ್ದರಿಂದ ಮನೆಯಡುಗೆಗೂ ಲೆಕ್ಕದ ಪುಸ್ತಕಕ್ಕೂ ಮರಳುವವರಿಗೆ ಇದು ಎಷ್ಟು ಒದಗುತ್ತದೆ ಎಂಬುದನ್ನೇ ಇಲ್ಲಿ ನೋಡಿದ್ದೇನೆ. ಊರಿಗೆಲ್ಲ ಅಗ್ಗದ ಅಂಗಡಿಯನ್ನು ಹುಡುಕುವವರಿಗೆ ಇದು ತಕ್ಕುದಲ್ಲ. ರಾಜೇಂದ್ರ ಗಂಜ್ ಸಗಟು ಮಾರುಕಟ್ಟೆಯಲ್ಲಿ ಚೀಲದ ಲೆಕ್ಕದಲ್ಲಿ ಕೊಂಡರೆ ಕಿಲೋಗೆ ಒಂದೆರಡು ರೂಪಾಯಿ ಉಳಿಯಬಹುದು; ದೊಡ್ಡ ಮಾರ್ಟುಗಳಲ್ಲಿ ರಿಯಾಯಿತಿ ಇದ್ದಾಗ ಅಕ್ಕಿ ಇನ್ನೂ ಕಡಿಮೆಗೆ ಸಿಗುವುದುಂಟು. ಆದರೆ ಪೇಟೆಯ ಮನೆಗಳಲ್ಲಿ ಹಣ ಸೋರುವುದು ಅಕ್ಕಿ-ಜೋಳದ ದರದಲ್ಲಲ್ಲ. ಕೇಂದ್ರ ಸರ್ಕಾರದ 2022-23ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರವಾಸಿಗಳ ಒಟ್ಟು ಖರ್ಚಿನಲ್ಲಿ ಆಹಾರದ ಪಾಲು ಶೇಕಡಾ 39ರಷ್ಟಿತ್ತು. ಅದರೊಳಗೆ ಪಾನೀಯ, ಉಪಾಹಾರ ಮತ್ತು ಸಿದ್ಧ ಆಹಾರಗಳಿಗೇ ಒಟ್ಟು ಖರ್ಚಿನ ಶೇಕಡಾ 10ಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ಧಾನ್ಯಗಳಿಗೆ ಹೋಗುತ್ತಿದ್ದುದು ಶೇಕಡಾ 4ರೊಳಗೆ. ಜೋಳದಲ್ಲಿ ಎರಡು ರೂಪಾಯಿ ಉಳಿಸಲು ಊರೆಲ್ಲ ಸುತ್ತಿ, ಸಂಜೆ ದಣಿದು ಬಂದು ಮೊಬೈಲಿನಲ್ಲಿ ಊಟ ತರಿಸಿದರೆ ಉಳಿತಾಯವೆಲ್ಲಿ ಬಂತು? ಮನೆಯ ಒಲೆ ಆರದಂತೆ ನೋಡಿಕೊಳ್ಳುವ ಅಂಗಡಿಯೇ ಲೆಕ್ಕಕ್ಕೆ ಲಾಭದ್ದು ಎಂಬುದು ನನ್ನ ಅಭಿಪ್ರಾಯ, ಮತ್ತು ಆ ದೃಷ್ಟಿಯಿಂದ ಈ ಅಂಗಡಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಅಂಗಡಿಯ ನಿಜವಾದ ಬಲವಿರುವುದು ಜೋಳದಲ್ಲಿ. ಹಿಂಗಾರಿ ಬಿಳಿಜೋಳದಲ್ಲಿ ಎರಡು ದರ್ಜೆ, ಜೊತೆಗೆ ಮುಂಗಾರಿನ ಹೈಬ್ರಿಡ್ ಒಂದು, ಹೀಗೆ ಮೂರು ಚೀಲಗಳಿರುತ್ತವೆ. ಮಾಲ್ದಂಡಿ ಎಂದು ಕರೆಯುವ ಎಂ 35-1 ತಳಿ ಎರೆಭೂಮಿಯಲ್ಲಿ ಉಳಿದ ತೇವವನ್ನೇ ನೆಚ್ಚಿ ಬೆಳೆದು ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿಯಾಗುವುದರಿಂದ ಕಾಳು ಬೆಳ್ಳಗೆ, ಹೊಳಪಾಗಿ ಇರುತ್ತದೆ. ಮುಂಗಾರಿನ ಜೋಳ ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕಿ ಬೂಸು ಹಿಡಿದು ಕಪ್ಪಾಗುವ ಸಂಭವವಿರುವುದರಿಂದ ಅದರ ದರ ಕಡಿಮೆ. ಅಗ್ಗವೆಂದು ನಾನು ಹೈಬ್ರಿಡ್ ಕಡೆ ಕೈಚಾಚಿದಾಗ, "ಅಕ್ಕಾರ, ಅದು ರೊಟ್ಟಿಗೆ ಜಿಗಿ ಬರಂಗಿಲ್ರಿ, ನುಚ್ಚಿಗೆ ಬೇಕಾದ್ರ ಒಯ್ರಿ" ಎಂದು ಮಾಲೀಕರೇ ತಡೆದರು. ಮಾರಾಟವೊಂದನ್ನು ತಾವಾಗಿಯೇ ಬಿಟ್ಟುಕೊಡುವ ವ್ಯಾಪಾರಿಯ ಮಾತನ್ನು ಮುಂದಿನ ಸಲ ನಂಬಲು ತೊಂದರೆಯಿಲ್ಲ.

ಕೊಂಡ ಜೋಳವನ್ನು ಪಕ್ಕದ ಗಿರಣಿಯಲ್ಲೇ ಬೀಸಿಸಿಕೊಂಡು ಮನೆಗೆ ಹೋಗಬಹುದು ಎಂಬ ಅನುಕೂಲ ಸಣ್ಣದಲ್ಲ. ಗೋಧಿಹಿಟ್ಟಿನಲ್ಲಿರುವ ಅಂಟಿನ ಗುಣ ಜೋಳದಲ್ಲಿಲ್ಲ. ಎಸರಿನ ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಕೂಡಿಕೊಳ್ಳುವುದರಿಂದಲೇ ರೊಟ್ಟಿ ಹರಿಯದೆ ಬಡಿಯಲು ಬರುತ್ತದೆ. ಹಿಟ್ಟು ಹಳತಾದಂತೆ ಈ ಕೂಡಿಕೆ ಸಡಿಲವಾಗುತ್ತದೆ, ಮೊಳಕೆಯ ಭಾಗದ ಕೊಬ್ಬು ಕೆಟ್ಟು ಕಹಿಯೂ ಸೇರುತ್ತದೆ. ರಾಯಚೂರಿನ ಬೇಸಿಗೆಯಲ್ಲಂತೂ ಹದಿನೈದು ದಿನ ದಾಟಿದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಮಕ್ಕಳು ತಟ್ಟೆ ಸರಿಸುತ್ತಾರೆ, ಮತ್ತೆ ಹೊರಗಿನ ಊಟದ ಮಾತು ಬರುತ್ತದೆ. ಆದ್ದರಿಂದ ವಾರಕ್ಕೆ ಸಾಕಾಗುವ ಎರಡು-ಮೂರು ಕಿಲೋ ಜೋಳವನ್ನಷ್ಟೇ ಕೊಂಡು ಬೀಸಿಸುವುದು ಮೇಲು. ನಮ್ಮ ಕೈಯಳತೆಯಲ್ಲಿ ಕಿಲೋ ಹಿಟ್ಟಿಗೆ ಹದಿನಾಲ್ಕರಿಂದ ಹದಿನೈದು ರೊಟ್ಟಿಯಾಗುತ್ತವೆ. ಗಿರಣಿಯವರಿಗೆ ಒಂದು ಮಾತು ಹೇಳಿಡಬೇಕು: ಗೋಧಿ ಅಥವಾ ಅಕ್ಕಿ ಬೀಸಿದ ಬೆನ್ನಿಗೇ ನಮ್ಮ ಜೋಳ ಹಾಕಬಾರದು, ಮತ್ತೊಬ್ಬರ ಜೋಳ ಮುಗಿದ ಮೇಲೆ ಹಾಕಬೇಕು. ಹೇಳದಿದ್ದರೆ ಅವರು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

ಅಕ್ಕಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಸೋನಾ ಮಸೂರಿ ನಮ್ಮ ಭಾಗದ ಎಲ್ಲ ಅಂಗಡಿಗಳಲ್ಲಿಯೂ ಇರುತ್ತದೆ. ಇಲ್ಲಿ ಹೊಸ ಅಕ್ಕಿ, ಹಳೆಯ ಅಕ್ಕಿ ಎಂದು ಬೇರೆ ಬೇರೆ ಹೇಳಿ ಮಾರುತ್ತಾರೆ ಎಂಬುದಷ್ಟೇ ವಿಶೇಷ. ಹಳೆಯ ಅಕ್ಕಿ ಕಿಲೋಗೆ ನಾಲ್ಕಾರು ರೂಪಾಯಿ ಹೆಚ್ಚಾದರೂ ನೀರು ಹೆಚ್ಚು ಹೀರಿ ಅನ್ನ ಒದಗುತ್ತದೆ, ಮುದ್ದೆಯಾಗುವುದಿಲ್ಲ.

ಬೇಳೆಕಾಳಿನ ಸಾಲು ಮಾತ್ರ ವಿವರವಾಗಿ ಬರೆಯುವಂಥದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದಿನಕ್ಕೆ 2000 ಕಿಲೋಕ್ಯಾಲರಿ ಬೇಕಾದವರಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 27 ಗ್ರಾಂ ಎಣ್ಣೆ-ಕೊಬ್ಬು ಎಂದು ಅಳತೆ ಕೊಡುತ್ತದೆ. ಇದನ್ನು ನಾಲ್ವರು ದೊಡ್ಡವರ ಮೂವತ್ತು ದಿನಗಳಿಗೆ ಗುಣಿಸಿದರೆ ಧಾನ್ಯ 30 ಕಿಲೋ, ಬೇಳೆಕಾಳು 10 ಕಿಲೋಗೆ ತುಸು ಹೆಚ್ಚು, ಎಣ್ಣೆ ಮೂರೂಕಾಲು ಕಿಲೋ ಆಗುತ್ತದೆ. ಮಕ್ಕಳಿರುವ ಮನೆಯಲ್ಲಿ ಸ್ವಲ್ಪ ಕಡಿಮೆ. ಈ ಲೆಕ್ಕವನ್ನು ತಿಂಗಳ ಚೀಟಿಯ ಪಕ್ಕಕ್ಕಿಟ್ಟು ನೋಡಿದಾಗ ಧಾನ್ಯ ಹೊಂದಿಕೆಯಾಯಿತು, ಎಣ್ಣೆ ಮೀರಿತ್ತು, ಬೇಳೆ ಅರ್ಧದಷ್ಟೂ ಇರಲಿಲ್ಲ. ಆದರೆ ಹತ್ತು ಕಿಲೋವನ್ನೂ ತೊಗರಿಬೇಳೆಯಲ್ಲೇ ತುಂಬಿಸಲು ಹೋದರೆ ಕಿರಾಣಿಯ ಹಣವೆಲ್ಲ ಅಲ್ಲಿಯೇ ಮುಗಿದುಹೋಗುತ್ತದೆ. ಬಿಡಿಯಾಗಿ ತೂಗುವ ಅಂಗಡಿಯ ಬೆಲೆ ಗೊತ್ತಾಗುವುದು ಇಂಥಲ್ಲಿ. ತೊಗರಿಯನ್ನು ಮೂರು ಕಿಲೋಗೆ ನಿಲ್ಲಿಸಿ, ಉಳಿದದ್ದಕ್ಕೆ ಮಡಕಿ, ಹುರಳಿ, ಹೆಸರು, ಅಲಸಂದಿ, ಕಡಲಿಯನ್ನು ಅರ್ಧ ಕಿಲೋ, ಕಿಲೋ ಎಂದು ಬೆರಕೆಯಾಗಿ ತರಬಹುದು. ಹುರಳಿ ದರದಲ್ಲಿ ತೊಗರಿಗಿಂತ ಕೆಳಗಿದ್ದರೂ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಹುರಳಿ ಕಟ್ಟಿನ ಸಾರು ಒಂದು ದಿನ, ಬಸಿದು ಉಳಿದ ಕಾಳಿನ ಪಲ್ಯ ಇನ್ನೊಂದು ಹೊತ್ತು. ಮೊಳಕೆ ಬಂದ ಮಡಕಿಯ ಪಲ್ಯ ರೊಟ್ಟಿಗೆ ಮತ್ತೊಂದು ದಿನ. ರಾತ್ರಿ ನೆನೆಹಾಕುವುದನ್ನು ಮರೆಯದಿದ್ದರೆ ಕುಕ್ಕರಿನ ಸೀಟಿಯೂ ಕಡಿಮೆ, ಗ್ಯಾಸೂ ಕಡಿಮೆ. ಇದೇ ಐದಾರು ಕಾಳುಗಳನ್ನು ಕಿಲೋ ಪೊಟ್ಟಣಗಳಲ್ಲಿ ಕೊಳ್ಳುವುದಾದರೆ, ಸಣ್ಣ ಮನೆಯಲ್ಲಿ ಖಾಲಿಯಾಗುವ ಮೊದಲೇ ಹುಳ ಹಿಡಿಯಬಹುದು.

ಶೇಂಗಾ, ಗುರೆಳ್ಳು, ಅಗಸಿ ತಾಜಾ ಇರುತ್ತವೆ, ಏಕೆಂದರೆ ಹಿಂಡಿ (ಚಟ್ನಿಪುಡಿ) ಕುಟ್ಟುವ ಮನೆಗಳು ಸುತ್ತಲೂ ಇರುವುದರಿಂದ ಚೀಲಗಳು ಬೇಗ ಖಾಲಿಯಾಗುತ್ತವೆ. ಉಸ್ಮಾನಿಯಾ ಮಾರುಕಟ್ಟೆಯಿಂದ ತಂದ ಪುಂಡಿ ಸೊಪ್ಪು, ಅದಕ್ಕೆ ಹಾಕಲು ಇಲ್ಲಿಯ ಜೋಳದ ನುಚ್ಚು, ಪಕ್ಕಕ್ಕೆ ಶೇಂಗಾ ಹಿಂಡಿ, ಬಿಸಿ ರೊಟ್ಟಿ: ನಾಲ್ವರ ಈ ಊಟ ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯೊಳಗೆ ಮುಗಿಯುತ್ತದೆ, ಅದೇ ಮೊಬೈಲಿನಲ್ಲಿ ತರಿಸಿದರೆ ಒಬ್ಬರ ಊಟಕ್ಕೇ ಪ್ಯಾಕಿಂಗು, ಡೆಲಿವರಿ ಸೇರಿ ಅದಕ್ಕಿಂತ ಹೆಚ್ಚಾಗುತ್ತದೆ.

ಎರಡು ಸಾಮಾನುಗಳನ್ನು ಮಾತ್ರ ಬಿಡಿಯಾಗಿ ಎಲ್ಲಿಯೂ ಕೊಳ್ಳಬಾರದು. ಅಡುಗೆ ಎಣ್ಣೆಯನ್ನೂ ಪುಡಿ ಮಾಡಿದ ಮಸಾಲೆಯನ್ನೂ ಮೊಹರು ಮಾಡಿದ ಪ್ಯಾಕಿನಲ್ಲಿಯೇ ಮಾರಬೇಕೆಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ, ಏಕೆಂದರೆ ಇವೆರಡರಲ್ಲಿ ಕಲಬೆರಕೆ ಸುಲಭವಾಗಿ ನಡೆಯುತ್ತದೆ. ಈ ಅಂಗಡಿಯವರು ಎಣ್ಣೆಯನ್ನು ಪ್ಯಾಕಿನಲ್ಲೇ ಇಟ್ಟಿದ್ದಾರೆ, ಖಾರದ ಪುಡಿಯನ್ನು ಇಟ್ಟೇ ಇಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಇಡಿ ಮೆಣಸಿನಕಾಯಿಗಳನ್ನು ತೂಗಿಸಿಕೊಂಡು, ಬಿಸಿಲಿಗೆ ಹಾಕಿ, ಗಿರಣಿಯ ಖಾರದ ಯಂತ್ರದಲ್ಲಿ ಕುಟ್ಟಿಸಿಕೊಳ್ಳುವುದೇ ಸರಿ. ಬಿಸಿಲಿಗೇನೂ ನಮ್ಮೂರಲ್ಲಿ ಬರವಿಲ್ಲ.

ಲೆಕ್ಕ ಬರೆಯುವವರಿಗೆ ಬಹುವಾಗಿ ಹಿಡಿಸುವುದು ಅಂಗಡಿಯ ಕೈಬರಹದ ಚೀಟಿ. ಸಾಮಾನು, ತೂಕ, ದರ, ಮೊತ್ತ ಎಂದು ನಾಲ್ಕು ಕಲಂ ಎಳೆದು, ಕನ್ನಡದಲ್ಲಿಯೇ ಬರೆದು ಕೊಡುತ್ತಾರೆ. ಅದನ್ನು ಹಾಗೆಯೇ ಪುಸ್ತಕಕ್ಕೆ ಅಂಟಿಸಿದರೆ ಅಂದಿನ ಲೆಕ್ಕ ಮುಗಿಯಿತು. ಹಿಂದಿನ ಸಲದ ದರದೊಂದಿಗೆ ಹೋಲಿಸುವುದಕ್ಕೂ ಇದು ಅನುಕೂಲ. ಮಾರ್ಟಿನ ಯಂತ್ರದ ಬಿಲ್ಲುಗಳಲ್ಲಿ ಅಕ್ಷರ ಕೆಲವು ತಿಂಗಳುಗಳಲ್ಲಿ ಮಸುಕಾಗುವುದುಂಟು, ಸಾಮಾನಿನ ಹೆಸರೂ ಅರ್ಧಕ್ಕೆ ತುಂಡಾಗಿರುತ್ತದೆ.

ಇದೇ ಅಂಗಡಿಯ ಉದ್ರಿ ಪುಸ್ತಕದ ವಿಷಯದಲ್ಲಿ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಕೂಲಿ ಸಿಗದ ದಿನವೂ ಒಲೆ ಉರಿಯಲೇಬೇಕಾದ ಮನೆಗಳಿಗೆ ಉದ್ರಿ ದೊಡ್ಡ ಆಸರೆ, ಮತ್ತು ಮಾಲೀಕರು ಬಡ್ಡಿ ಹಚ್ಚುವವರಲ್ಲ. ಆದರೆ ತಿಂಗಳ ಸಂಬಳ ಬರುವ ಮನೆಯವರು ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತಿರುವಾಗ ಉದ್ರಿ ಹೇಳಿದರೆ ಖರ್ಚು ಕಣ್ಣಿಗೆ ಬೀಳುವುದು ತಿಂಗಳ ಕೊನೆಗೆ, ಅಷ್ಟರಲ್ಲಿ ಬೆಲ್ಲ, ಗೋಡಂಬಿ, ಚಹಾಪುಡಿ ಎಂದು ಚೀಟಿ ಬೆಳೆದಿರುತ್ತದೆ. ಕಿರಾಣಿಯ ಹಣವನ್ನು ತಿಂಗಳ ಮೊದಲಿಗೇ ನಾಲ್ಕು ಲಕೋಟೆಗಳಿಗೆ ಹಂಚಿ, ವಾರಕ್ಕೊಂದನ್ನು ಹಿಡಿದು ಹೋಗುವ ಪದ್ಧತಿ ಇಲ್ಲಿ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಉಳಿದದ್ದು ಎಂಬತ್ತು ರೂಪಾಯಿಯಾದರೂ ಅಷ್ಟಕ್ಕೆ ಬರುವಷ್ಟು ಬೇಳೆಯನ್ನು ಮುಖ ಗಂಟಿಕ್ಕದೆ ತೂಗುತ್ತಾರೆ.

ಕುಂದುಗಳು ಇಲ್ಲದಿಲ್ಲ. ದರದ ಫಲಕ ಹಾಕಿಲ್ಲ. ಕೇಳಿದರೆ ಹೇಳುತ್ತಾರೆ, ಆದರೆ ಜನ ತುಂಬಿದ ಸಂಜೆ ಹತ್ತು ಸಾಮಾನಿನ ದರ ಕೇಳಲು ಯಾರಿಗಾದರೂ ಸಂಕೋಚವಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಇಲಾಖೆಯ ವಾರ್ಷಿಕ ಮುದ್ರೆ ಇದೆಯಾದರೂ ಅಂಕಿ ಕಾಣುವ ಬದಿ ಗಲ್ಲಾದ ಕಡೆಗೆ ತಿರುಗಿದೆ. ತೂಕದಲ್ಲಿ ವ್ಯತ್ಯಾಸ ನನಗೆ ಕಂಡಿಲ್ಲ, ಮನೆಯಲ್ಲಿ ತೂಗಿ ನೋಡಿದ್ದೇನೆ. ಆದರೂ ಅಂಕಿ ಗಿರಾಕಿಗೂ ಕಾಣಬೇಕು. ಸಾಸಿವೆ, ಜೀರಿಗೆಯಂಥ ಸಣ್ಣ ಸಾಮಾನುಗಳನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟುತ್ತಾರೆ. ಮುದ್ರಣದ ಮಸಿ ಸೇರುತ್ತದೆ ಎಂಬ ಕಾರಣಕ್ಕೆ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ, ಆದ್ದರಿಂದ ಮನೆಯಿಂದಲೇ ಡಬ್ಬಿ ಒಯ್ಯಬೇಕು. ಬೇಳೆಯಲ್ಲಿ ಹರಳು ಬರುತ್ತವೆ; ಮೊರದಲ್ಲಿ ಕೇರಿ ಹಸನು ಮಾಡಿಕೊಳ್ಳಲು ಅರ್ಧ ಗಂಟೆ ಬೇಕು, ಆ ಪುರಸೊತ್ತು ಇಲ್ಲದವರಿಗೆ ಪ್ಯಾಕಿನ ಬೇಳೆಯೇ ವಾಸಿ. ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಮನೆಗೆ ತಲುಪಿಸುವ ವ್ಯವಸ್ಥೆಯಿಲ್ಲ.

ಪ್ಯಾಕಿನ ಧಾನ್ಯದೊಂದಿಗೆ ದರ ಹೋಲಿಸುವವರು ತೆರಿಗೆಯನ್ನೂ ಗಮನಿಸಬೇಕು. 2022ರ ಜುಲೈ 18ರಿಂದ, 25 ಕಿಲೋವರೆಗಿನ ತೂಕದಲ್ಲಿ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಬೇಳೆಗಳಿಗೆ ಶೇಕಡಾ 5ರಷ್ಟು ಜಿಎಸ್‌ಟಿ ಬಂದಿದೆ. ಚೀಲದಿಂದ ತೂಗಿ ಕೊಡುವ ಬಿಡಿ ಧಾನ್ಯಕ್ಕೆ ಅದಿಲ್ಲ. ಇದಕ್ಕೆ ಪ್ರತಿಯಾಗಿ ಪ್ಯಾಕಿನ ಮೇಲೆ ನಿವ್ವಳ ತೂಕ, ಗರಿಷ್ಠ ಬೆಲೆ, ಪ್ಯಾಕ್ ಮಾಡಿದ ತಿಂಗಳು ಅಚ್ಚಾಗಿರುತ್ತವೆ, ದೂರು ಕೊಡಬೇಕೆಂದರೆ ವಿಳಾಸವೂ ಇರುತ್ತದೆ. ಇಲ್ಲಿ ಅದರ ಬದಲಿಗೆ ಕಾಳನ್ನು ಅಂಗೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಡಿದು ನೋಡುವ ಅವಕಾಶವಿದೆ. ಕಾಳಿನ ಗುರುತು ಅಷ್ಟಾಗಿ ಇಲ್ಲದ ಹೊಸಬರು ಮೊದಲ ಸಲ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು.

ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಬೇಕು. ಆಗ ಗಿರಣಿಯಲ್ಲಿ ಸರದಿ ಚಿಕ್ಕದಿರುತ್ತದೆ, ಮಾಲೀಕರಿಗೂ ಮಾತಾಡಲು ಬಿಡುವಿರುತ್ತದೆ. ಕೈಯಲ್ಲಿ ಬಟ್ಟೆಯ ಚೀಲ, ಎರಡು ಡಬ್ಬಿ, ಚಿಲ್ಲರೆ ಇರಲಿ. ವರ್ಷದ ಜೋಳವನ್ನು ಒಮ್ಮೆಗೇ ತುಂಬಿಸಿಡುವಷ್ಟು ಜಾಗವೂ ಹಣವೂ ಇರುವವರು ಹಿಂಗಾರಿ ರಾಶಿ ಬರುವ ತಿಂಗಳುಗಳಲ್ಲಿ ರಾಜೇಂದ್ರ ಗಂಜಿಗೆ ಹೋಗಲಿ, ಒಣಗಿಸಿ ಬೇವಿನ ಸೊಪ್ಪು ಹಾಕಿ ಇಟ್ಟುಕೊಳ್ಳಲಿ. ವಾರವಾರದ ಹಣದಲ್ಲಿ ವಾರವಾರದ ಅಡುಗೆಯನ್ನು ನಡೆಸುವವರಿಗೆ ಈ ಅಂಗಡಿ ಸಾಕು.